ಸಮುದಾಯ ತೋಟದಲ್ಲಿ ಸದಸ್ಯತ್ವ ಮತ್ತು ಸೇವಾನಿಷ್ಠೆ



ಬಡಾವಣೆಗಳ ಖಾಲಿ ನಿವೇಶನಗಳಲ್ಲಿ, ಶಾಲೆಗಳ ಹಿತ್ತಿಲಲ್ಲಿ, ವಿದ್ಯಾರ್ಥಿನಿಲಯಗಳ ಪಕ್ಕದ ನೆಲದಲ್ಲಿ ಹತ್ತಾರು ಮನೆಯವರು ಒಟ್ಟುಗೂಡಿ ಸೊಪ್ಪು-ತರಕಾರಿ ಬೆಳೆಯಬೇಕೆಂಬ ಹಂಬಲ ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಕಾಣುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಇಂತಹ ತೋಟಗಳ ಕಥೆ ಬಹುಮಟ್ಟಿಗೆ ಒಂದೇ ರೀತಿಯಾಗಿ ಸಾಗುವುದನ್ನೂ ಕಂಡಿದ್ದೇವೆ. ಮೊದಲ ಭಾನುವಾರ ಐವತ್ತು ಜನ ಸೇರುತ್ತಾರೆ. ಗುದ್ದಲಿ ಸಾಲದೆ ಅಕ್ಕಪಕ್ಕದ ಮನೆಗಳಿಂದ ತರಿಸಬೇಕಾಗುತ್ತದೆ. ಮುಂಗಾರು ಮುಗಿಯುವ ಹೊತ್ತಿಗೆ ಇಪ್ಪತ್ತು ಜನ ಉಳಿದಿರುತ್ತಾರೆ. ಬೇಸಿಗೆಯಲ್ಲಿ ನೀರು ಹೊರಲು ಬರುವವರು ನಾಲ್ಕೈದು ಮಂದಿ ಮಾತ್ರ. ಆ ನಾಲ್ಕೈದು ಮಂದಿ ಒಂದು ದಿನ ಕಚೇರಿಗೆ ಬಂದು ಕುಳಿತು ಕೇಳುವ ಪ್ರಶ್ನೆಯೂ ಒಂದೇ: ‘ಹೆಸರು ಬರೆಸಿ ಬಾರದೇ ಇರುವವರನ್ನು ಏನು ಮಾಡುವುದು ಸರ್?’

ಈ ಪ್ರಶ್ನೆಯನ್ನು ಬೇಸಿಗೆಯಲ್ಲಿ ಕೇಳಿದರೆ ಉತ್ತರ ಕಷ್ಟ. ಹೆಸರು ಬರೆಸಿಕೊಂಡ ದಿನವೇ ಕೇಳಿದ್ದರೆ ಸುಲಭವಾಗಿರುತ್ತಿತ್ತು. ಸಮುದಾಯ ತೋಟಗಳು ಸೊರಗುವುದಕ್ಕೆ ಜನರ ಮನಸ್ಸು ಕೆಟ್ಟದಾಗಿರುವುದು ಕಾರಣವಲ್ಲ. ಯಾರು, ಯಾವಾಗ, ಎಷ್ಟು ದುಡಿಯಬೇಕೆಂಬುದು ಯಾರಿಗೂ ತಿಳಿಯದಿರುವುದೇ ಬಹುತೇಕ ಕಾರಣ. ಚಿಕ್ಕದಾದರೂ ಸ್ಪಷ್ಟವಾದ ಹೊಣೆ, ತಪ್ಪಿದಾಗ ಮೆಲುವಾದ ಎಚ್ಚರಿಕೆ, ಬಿಡಬೇಕಾದಾಗ ಗೌರವದ ದಾರಿ ಈ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡ ತೋಟ ಉಳಿಯುತ್ತದೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಆರಂಭಶೂರತ್ವದ ಹಳೆಯ ಕಥೆ

ಉತ್ಸಾಹ ಬೇಗ ಆರುವುದು ನಮ್ಮೂರಿಗೆ ಮಾತ್ರ ಸೀಮಿತವಾದ ದೋಷವಲ್ಲ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ 1864ರಲ್ಲಿ ಶಾಲೆಯೊಂದರ ಮುಖ್ಯಸ್ಥರಾದ ಹೌಷಿಲ್ಡ್ ಎಂಬವರು ಒಂದು ಸಂಘವನ್ನು ಸ್ಥಾಪಿಸಿದರು. ಮಕ್ಕಳ ದೇಹಾರೋಗ್ಯದ ಬಗ್ಗೆ ಬರೆದು ಅದಕ್ಕೂ ಮೊದಲೇ ತೀರಿಕೊಂಡಿದ್ದ ಶ್ರೇಬರ್ ಎಂಬ ವೈದ್ಯರ ಹೆಸರನ್ನು ಆ ಸಂಘಕ್ಕೆ ಇಟ್ಟರು. ಮಕ್ಕಳಿಗೆ ಆಟದ ಬಯಲು ಒದಗಿಸುವುದು ಸಂಘದ ಉದ್ದೇಶವಾಗಿತ್ತು. ಕೆಲವು ವರ್ಷಗಳ ತರುವಾಯ ಗೆಸೆಲ್ ಎಂಬ ಶಿಕ್ಷಕರು ಆ ಬಯಲಿನ ಅಂಚಿನಲ್ಲಿ ಮಕ್ಕಳಿಗಾಗಿ ಸಣ್ಣ ಸಣ್ಣ ಪಾತಿಗಳನ್ನು ಮಾಡಿಸಿದರು. ಮಕ್ಕಳು ಗಿಡ ನೆಟ್ಟರು, ನೀರೆರೆದರು, ಕೆಲವೇ ದಿನಗಳಲ್ಲಿ ಆಟಕ್ಕೆ ಮರಳಿದರು. ಪಾತಿಗಳಲ್ಲಿ ಕಳೆ ಬೆಳೆಯಿತು.

ಅಲ್ಲಿಗೆ ಆ ಪ್ರಯತ್ನ ಮುಗಿದುಹೋಗಬಹುದಾಗಿತ್ತು. ಹಾಗಾಗಲಿಲ್ಲ. ಮಕ್ಕಳು ಬಿಟ್ಟ ಪಾತಿಗಳನ್ನು ತಂದೆ-ತಾಯಂದಿರು ಕೈಗೆತ್ತಿಕೊಂಡರು. ‘ಮಕ್ಕಳ ಪಾತಿ’ಗಳು ‘ಕುಟುಂಬದ ಪಾತಿ’ಗಳಾದವು, ಅವುಗಳಿಗೆ ಬೇಲಿ ಬಂತು, ನಿಯಮಗಳು ಬಂದವು. ಜರ್ಮನಿಯಲ್ಲಿ ಇಂದಿಗೂ ಇಂತಹ ತೋಟಗಳನ್ನು ಶ್ರೇಬರ್ ತೋಟಗಳೆಂದೇ ಕರೆಯುತ್ತಾರೆ, ಆ ವೈದ್ಯರು ಮಾತ್ರ ಒಂದು ಪಾತಿಯನ್ನೂ ಮಾಡಿದವರಲ್ಲ.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಯಾರಿಗಾಗಿ ತೋಟ ಮಾಡಿದೆವೋ ಅವರೇ ಅದನ್ನು ನಡೆಸುತ್ತಾರೆಂದು ನಂಬಿ ಕೂರಬಾರದು ಎಂಬುದು ಮೊದಲನೆಯದು. ಪಾತಿಗೆ ಒಬ್ಬ ಒಡೆಯ, ಒಡೆಯನಿಗೆ ಒಂದು ನಿಯಮ ದೊರೆತ ಮೇಲೆಯೇ ತೋಟ ನೆಲೆ ನಿಂತಿತು ಎಂಬುದು ಎರಡನೆಯದು.

ತೋಟದ ಕೆಲಸಕ್ಕೆ ಬಿಡುವಿಲ್ಲ

ಬೇರೆ ಸೇವೆಗಳಿಗೂ ತೋಟದ ಸೇವೆಗೂ ದೊಡ್ಡ ವ್ಯತ್ಯಾಸವಿದೆ. ಜಾತ್ರೆಯ ದಿನ ಬಡಿಸಲು ನೂರು ಜನ ಬರುತ್ತಾರೆ. ಆ ಸೇವೆಗೆ ಆರಂಭವಿದೆ, ಕೊನೆಯಿದೆ, ನೋಡುವ ಜನರಿದ್ದಾರೆ. ತೋಟದ ಕೆಲಸ ಹಾಗಲ್ಲ. ಬೆಂಡೆಕಾಯಿಯನ್ನು ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ, ಗಿಡವೂ ಮುಂದೆ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಎಳೆಯ ಸಸಿಗೆ ಏಪ್ರಿಲ್ ತಿಂಗಳಲ್ಲಿ ಎರಡು ದಿನ ನೀರು ತಪ್ಪಿದರೆ ಮೂರನೆಯ ದಿನ ಎರೆದೂ ಪ್ರಯೋಜನವಿಲ್ಲ. ಭಾನುವಾರದ ಉತ್ಸಾಹದಿಂದ ಬುಧವಾರದ ನೀರು ಬರುವುದಿಲ್ಲ.

ಜೊತೆಗೆ ನಮ್ಮ ವರ್ಷದ ಲಯವನ್ನೂ ಗಮನಿಸಬೇಕು. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ. ಏಪ್ರಿಲ್-ಮೇ ತಿಂಗಳಲ್ಲಿ ಮದುವೆ, ಪ್ರವಾಸ, ತವರುಮನೆ. ಜನ ಊರಿನಲ್ಲಿ ಅತಿ ಕಡಿಮೆ ಇರುವ ಕಾಲದಲ್ಲಿಯೇ ಗಿಡಗಳಿಗೆ ನೀರು ಅತಿ ಹೆಚ್ಚು ಬೇಕು. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದ ತೋಟ ಎರಡನೆಯ ಬೇಸಿಗೆಯನ್ನು ದಾಟುವುದು ಕಷ್ಟ.

ಒಂದು ಸರಳ ಲೆಕ್ಕ ಮಾಡೋಣ. ಹತ್ತು ಗುಂಟೆಯ, ಅಂದರೆ ಕಾಲು ಎಕರೆಯ ತೋಟವೊಂದಿದೆ, 28 ಸದಸ್ಯರಿದ್ದಾರೆ. ದಿನಕ್ಕೆ ಇಬ್ಬರು ಒಂದು ಗಂಟೆ ನೀರು ನೋಡಿಕೊಳ್ಳಬೇಕೆಂದಿಟ್ಟುಕೊಳ್ಳಿ. ಹದಿನಾಲ್ಕು ದಿನಕ್ಕೆ 28 ಸರದಿಗಳಾದವು. ಒಬ್ಬೊಬ್ಬರಿಗೆ ಹದಿನಾಲ್ಕು ದಿನಕ್ಕೊಂದು ಸರದಿ, ವರ್ಷಕ್ಕೆ 26 ಗಂಟೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆಯ ಸಾಮೂಹಿಕ ಕೆಲಸ ಸೇರಿಸಿದರೆ ಇನ್ನೂ 24. ಒಟ್ಟು ವರ್ಷಕ್ಕೆ 50 ಗಂಟೆ. ಇದು ಯಾವ ಸಂಸಾರಸ್ಥರಿಗೂ ಅಸಾಧ್ಯವಲ್ಲ.

ಅದೇ 28 ಜನರಲ್ಲಿ ಹತ್ತು ಜನ ಮಾತ್ರ ಬಂದರೆ? ಆಗ ಒಬ್ಬೊಬ್ಬರಿಗೂ ಹದಿನಾಲ್ಕು ದಿನದಲ್ಲಿ ಸುಮಾರು ಮೂರು ಸರದಿ ಬೀಳುತ್ತದೆ. ಹೊರೆ ಮೂರು ಪಟ್ಟಾಯಿತು. ಮೂರು ಪಟ್ಟಾದಾಗ ಆ ಹತ್ತರಲ್ಲಿ ಮೂವರು ಬಿಡುತ್ತಾರೆ. ಉಳಿದ ಏಳು ಜನರ ಹೊರೆ ನಾಲ್ಕು ಪಟ್ಟಾಗುತ್ತದೆ. ತೋಟ ಒಣಗುವ ಮೊದಲು ಜನ ಬಳಲುತ್ತಾರೆ. ‘ಹತ್ತು ಜನ ಸೇರಿದಲ್ಲಿ ಹಾವು ಸಾಯದು’ ಎಂಬ ಗಾದೆಯ ಅರ್ಥವೂ ಇದೇ: ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ.

ಎರಡು ಬಗೆಯ ತೋಟ, ಎರಡು ಬಗೆಯ ಹೊಣೆ

ಸದಸ್ಯತ್ವದ ನಿಯಮ ಮಾಡುವ ಮುನ್ನ ನಮ್ಮದು ಯಾವ ಬಗೆಯ ತೋಟವೆಂದು ತೀರ್ಮಾನಿಸಬೇಕು.

ಮೊದಲ ಬಗೆಯಲ್ಲಿ ನೆಲವನ್ನು ಸಣ್ಣ ತುಂಡುಗಳಾಗಿ ಮಾಡಿ ಮನೆಗೊಂದರಂತೆ ಕೊಡುತ್ತಾರೆ. ಬೆಳೆದದ್ದು ಬೆಳೆದವರಿಗೆ. ಇಂಗ್ಲೆಂಡಿನಲ್ಲಿ ಇದು ಬಹಳ ಹಳೆಯ ಪದ್ಧತಿ. ಅಲ್ಲಿನ 1908ರ ಕಾಯಿದೆಯ ಪ್ರಕಾರ ಆರು ಜನ ಮತದಾರರು ಅಥವಾ ತೆರಿಗೆದಾರರು ಕೂಡಿ ಲಿಖಿತವಾಗಿ ಕೇಳಿದರೆ ಸ್ಥಳೀಯ ಆಡಳಿತವು ಅವರ ಬೇಡಿಕೆಯನ್ನು ಪರಿಗಣಿಸಬೇಕು. ಒಂದು ಪೂರ್ಣ ತುಂಡು ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಕೊರತೆಯಾದಾಗ ಅಂತಹ ಸುಮಾರು 14 ಲಕ್ಷ ತುಂಡುಗಳಲ್ಲಿ ಜನ ತರಕಾರಿ ಬೆಳೆದರು. ಯುದ್ಧ ಮುಗಿದ ಮೇಲೆ ಲಕ್ಷಾಂತರ ತುಂಡುಗಳು ಪಾಳುಬಿದ್ದವು. ಅಗತ್ಯ ತೀರಿದೊಡನೆ ನಿಷ್ಠೆಯೂ ಕರಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಎರಡನೆಯ ಬಗೆಯಲ್ಲಿ ನೆಲ ಒಡೆಯುವುದಿಲ್ಲ. ಎಲ್ಲರೂ ಕೂಡಿ ದುಡಿದು ಬಂದದ್ದನ್ನು ಹಂಚಿಕೊಳ್ಳುತ್ತಾರೆ, ಇಲ್ಲವೇ ಒಂದು ಶಾಲೆಯ ಬಿಸಿಯೂಟಕ್ಕೋ ದಾಸೋಹಕ್ಕೋ ಕೊಡುತ್ತಾರೆ.

ಮೊದಲ ಬಗೆಯಲ್ಲಿ ಸೋಮಾರಿತನ ಕಣ್ಣಿಗೆ ಕಾಣುತ್ತದೆ: ಯಾರ ಪಾತಿಯಲ್ಲಿ ಕಳೆಯಿದೆಯೋ ಅವರ ಹೆಸರು ಅಲ್ಲಿಯೇ ಇರುತ್ತದೆ. ಆದರೆ ದಾರಿ, ಬೇಲಿ, ನೀರಿನ ತೊಟ್ಟಿ, ಗೊಬ್ಬರದ ಗುಂಡಿ ಅನಾಥವಾಗುತ್ತವೆ. ಎರಡನೆಯ ಬಗೆಯಲ್ಲಿ ಒಗ್ಗಟ್ಟು ಹೆಚ್ಚು. ಆದರೆ ಯಾರು ದುಡಿದರು, ಯಾರು ದುಡಿಯಲಿಲ್ಲವೆಂಬುದು ಮರೆಯಾಗುತ್ತದೆ. ‘ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ’ ಎನ್ನುವವರಿಗೆ ಅಲ್ಲಿ ಅನುಕೂಲ.

ಎರಡನ್ನೂ ಬೆರೆಸಿದ ಒಂದು ಮಾದರಿ ಅಮೆರಿಕದ ಸಿಯಾಟಲ್ ನಗರದಲ್ಲಿದೆ. ಇಟಲಿಯಿಂದ ಬಂದು ನೆಲೆಸಿದ ಪಿಕಾರ್ಡೊ ಎಂಬ ಕುಟುಂಬದ ಹೊಲದಲ್ಲಿ ಆರಂಭವಾದ ಸಮುದಾಯ ಕೃಷಿಯನ್ನು ನಗರಾಡಳಿತವು 1973ರಲ್ಲಿ ತನ್ನ ಕಾರ್ಯಕ್ರಮವಾಗಿ ಸ್ವೀಕರಿಸಿತು. ಆ ಕುಟುಂಬದ ಹೆಸರಿನ ಮೊದಲ ಅಕ್ಷರದಿಂದ ಅದಕ್ಕೆ ‘ಪಿ-ಪ್ಯಾಚ್’ ಎಂಬ ಹೆಸರು ಬಂತು. ಅಲ್ಲಿ ಪ್ರತಿಯೊಬ್ಬರಿಗೂ ಸ್ವಂತದ ಪಾತಿ ಇದೆ. ಅದರ ಜೊತೆಗೆ ವರ್ಷಕ್ಕೆ ಎಂಟು ಗಂಟೆ ಎಲ್ಲರಿಗೂ ಸೇರಿದ ಕೆಲಸ ಮಾಡಬೇಕೆಂಬ ನಿಯಮವೂ ಇದೆ. ಬೆಳೆದದ್ದರಲ್ಲಿ ಒಂದು ಪಾಲನ್ನು ಹಸಿದವರಿಗೆ ಆಹಾರ ಒದಗಿಸುವ ಸಂಸ್ಥೆಗಳಿಗೆ ನೀಡುವುದು ಅಲ್ಲಿನ ರೂಢಿ. ಎಂಟು ಗಂಟೆ ಎಂಬುದು ಬಹಳ ಚಿಕ್ಕ ಸಂಖ್ಯೆ. ಆದರೆ ಅದು ಸಂಖ್ಯೆ. ‘ಆದಷ್ಟು ಸೇವೆ ಮಾಡಿ’ ಎಂಬ ಮಾತಿಗೆ ತೂಕವಿಲ್ಲ. ‘ವರ್ಷಕ್ಕೆ ಎಂಟು ಗಂಟೆ’ ಎಂಬ ಮಾತಿಗೆ ಇದೆ.

ಹೊಸದಾಗಿ ತೋಟ ಮಾಡುವ ನಮ್ಮ ಬಂಧುಗಳಿಗೂ ಈ ಬೆರಕೆಯ ಮಾದರಿಯೇ ಸೂಕ್ತವೆಂದು ನನ್ನ ಅಭಿಪ್ರಾಯ. ಮನೆಗೊಂದು ಚಿಕ್ಕ ಪಾತಿ ಇರಲಿ. ನುಗ್ಗೆ, ಕರಿಬೇವು, ಬಾಳೆ, ಬಸಳೆಯ ಚಪ್ಪರ ಎಲ್ಲರದಾಗಿರಲಿ.

ಹೆಸರು ಬರೆಸಿಕೊಳ್ಳುವ ಮುನ್ನ

ಸದಸ್ಯತ್ವವೆಂದರೆ ಪಟ್ಟಿಯಲ್ಲಿ ಹೆಸರು ಸೇರುವುದಲ್ಲ. ಪರಸ್ಪರ ಕೊಡುವ ಮಾತು. ಆ ಮಾತು ಏನೆಂಬುದನ್ನು ಸೇರುವ ಮೊದಲೇ ಹೇಳಬೇಕು. ಜನ ಹೆದರಿ ಹಿಂದೆ ಸರಿದಾರೆಂಬ ಅಂಜಿಕೆಯಿಂದ ನಾವು ಹೊಣೆಯನ್ನು ಮರೆಮಾಚುತ್ತೇವೆ. ಇದು ತಪ್ಪು. ಮೊದಲ ದಿನ ಸರಿದವರಿಂದ ತೋಟಕ್ಕೆ ನಷ್ಟವಿಲ್ಲ. ಮೂರನೆಯ ತಿಂಗಳಲ್ಲಿ ಸುದ್ದಿಯಿಲ್ಲದೆ ಮಾಯವಾದವರಿಂದ ಇದೆ.

ಹೊಸಬರನ್ನು ಮೊದಲು ಒಂದು ತಿಂಗಳು ಅತಿಥಿಗಳಾಗಿ ಕರೆಯಿರಿ. ಅವರು ಎರಡು ಸರದಿ ಬಂದು, ಮಣ್ಣು ಮುಟ್ಟಿ, ಬಿಸಿಲು ನೋಡಿ, ಆಮೇಲೆ ನಿರ್ಧರಿಸಲಿ. ಆರಂಭಕ್ಕೆ ಚಿಕ್ಕ ಪಾತಿಯನ್ನೇ ಕೊಡಿ. ದೊಡ್ಡ ತುಂಡು ಪಡೆದು ಅರ್ಧ ಪಾಳು ಬಿಟ್ಟವರಿಗೆ ತಮ್ಮ ಮೇಲೆಯೇ ನಾಚಿಕೆಯಾಗಿ ತೋಟದ ಕಡೆ ಬರುವುದೇ ನಿಂತುಹೋಗುತ್ತದೆ. ಇಂಗ್ಲೆಂಡಿನಲ್ಲಿಯೂ ಅನೇಕ ಕಡೆ ಈಗ ಹೊಸಬರಿಗೆ ಅರ್ಧ ತುಂಡನ್ನೇ ಕೊಡುತ್ತಾರೆ.

ಮೊದಲ ಬೆಳೆ ಬೇಗ ಕೈಗೆ ಬರುವಂಥದಾಗಿರಲಿ. ಮೆಂತ್ಯ, ಹರಿವೆ ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಬೆಂಡೆ ಒಂದೂವರೆ ತಿಂಗಳು ಕಾಯಿಸುತ್ತದೆ. ಬದನೆ ಇನ್ನೂ ಹೆಚ್ಚು. ತಾನೇ ಬಿತ್ತಿದ ಸೊಪ್ಪಿನ ಸಾರನ್ನು ಮನೆಯವರಿಗೆ ಬಡಿಸಿದವರು ಮರುವಾರ ತೋಟಕ್ಕೆ ಬಂದೇ ಬರುತ್ತಾರೆ. ನಿಷ್ಠೆಯನ್ನು ಉಪದೇಶದಿಂದ ಬೆಳೆಸುವುದಕ್ಕಿಂತ ಮೆಂತ್ಯದಿಂದ ಬೆಳೆಸುವುದು ಸುಲಭ.

ವಂತಿಗೆ ಇರಲಿ, ಆದರೆ ಅದು ಯಾರಿಗೂ ಬಾಗಿಲು ಮುಚ್ಚುವಂತಿರಬಾರದು. ಬೀಜ, ಪೈಪು, ಗೊಬ್ಬರದ ಖರ್ಚನ್ನು ಲೆಕ್ಕ ಹಾಕಿ ಹಂಚಿಕೊಳ್ಳಿ. ಕೊಡಲಾಗದವರಿಗೆ ಬದಲಾಗಿ ದುಡಿಮೆಯ ಅವಕಾಶವಿರಲಿ. ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಶ್ನೆಯನ್ನೂ ಕೇಳುವವರಿದ್ದಾರೆ: ದುಡಿಯಲಾಗದವರು ಹಣ ಕೊಟ್ಟರೆ ಸಾಲದೇ? ಜರ್ಮನಿಯ ಅನೇಕ ತೋಟ-ಸಂಘಗಳಲ್ಲಿ ಸಾಮೂಹಿಕ ಕೆಲಸಕ್ಕೆ ಬಾರದವರು ತಪ್ಪಿದ ಪ್ರತಿ ಗಂಟೆಗೂ ಇಷ್ಟೆಂದು ಹಣ ಕಟ್ಟಬೇಕು. ಕ್ರಮ ಕಟ್ಟುನಿಟ್ಟಾದದ್ದೇ. ಆದರೆ ನಮ್ಮಲ್ಲಿ ಇದನ್ನು ಎಚ್ಚರದಿಂದ ಬಳಸಬೇಕು. ಉಳ್ಳವರು ಹಣ ಕೊಟ್ಟು ಬಿಡುವು ಪಡೆದು, ಇಲ್ಲದವರೇ ಗುದ್ದಲಿ ಹಿಡಿಯುವಂತಾದರೆ ಅದು ಸಮುದಾಯ ತೋಟವಾಗಿ ಉಳಿಯುವುದಿಲ್ಲ. ಕೂಲಿಯಿಲ್ಲದ ಕೂಲಿಯ ತೋಟವಾಗುತ್ತದೆ. ಕಾಯಕದಿಂದ ಯಾರಿಗೂ ವಿನಾಯಿತಿಯಿಲ್ಲವೆಂದು ಹೇಳಿದ ಶರಣರ ನಾಡಿನವರು ನಾವು. ಆದ್ದರಿಂದ ಹಣ ಹಣದ ಜಾಗದಲ್ಲಿರಲಿ, ದುಡಿಮೆ ದುಡಿಮೆಯ ಜಾಗದಲ್ಲಿರಲಿ.

ಸರದಿಯ ಹಾಳೆ

‘ಯಾರಾದರೂ ನೀರು ಹಾಕಿ’ ಎಂಬ ಸಂದೇಶವನ್ನು ನಲವತ್ತು ಜನರ ವಾಟ್ಸಾಪ್ ಗುಂಪಿಗೆ ಕಳುಹಿಸಿದರೆ ನಲವತ್ತು ಜನರೂ ಓದುತ್ತಾರೆ, ಯಾರೂ ಹೋಗುವುದಿಲ್ಲ. ‘ಬುಧವಾರ ಬೆಳಿಗ್ಗೆ ಇಂತಹ ಇಬ್ಬರು’ ಎಂದು ತೋಟದ ಬಾಗಿಲಿನ ಹಲಗೆಯ ಮೇಲೆ ಬರೆದಿದ್ದರೆ ಆ ಇಬ್ಬರೂ ಹೋಗುತ್ತಾರೆ. ಸರದಿಗೆ ಯಾವಾಗಲೂ ಇಬ್ಬರನ್ನು ಹಾಕಬೇಕು. ಒಬ್ಬರಿಗೆ ಅಡಚಣೆಯಾದರೆ ಇನ್ನೊಬ್ಬರಿರುತ್ತಾರೆ. ಮೇಲಾಗಿ ಜೊತೆಗಾರರು ಕಾಯುತ್ತಿರುತ್ತಾರೆಂಬ ಭಾವನೆಯೇ ಎಷ್ಟೋ ಜನರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ಅನುಭವಸ್ಥರೊಬ್ಬರ ಜೊತೆ ಹೊಸಬರೊಬ್ಬರನ್ನು ಹಾಕಿದರೆ ಕಲಿಕೆಯೂ ಆಗುತ್ತದೆ.

ಸರದಿ ತಪ್ಪುವವರು ತಾವೇ ಬದಲಿಯನ್ನು ಹುಡುಕಿಕೊಳ್ಳಬೇಕು, ತಿರುಗಿ ಅವರ ಸರದಿಯನ್ನು ತಾವು ತೀರಿಸಬೇಕು. ಇದೇನೂ ಹೊಸ ಪದ್ಧತಿಯಲ್ಲ. ನಮ್ಮ ಹಳ್ಳಿಗಳ ಮುಯ್ಯಾಳು ಇದೇ ತಾನೇ? ಇಂದು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲದ ಕೊಯ್ಲಿಗೆ ನೀವು. ಕೂಲಿ ಕೈ ಬದಲಾಯಿಸುತ್ತಿರಲಿಲ್ಲ. ಲೆಕ್ಕ ಮಾತ್ರ ಇಬ್ಬರ ನೆನಪಿನಲ್ಲಿಯೂ ಇರುತ್ತಿತ್ತು. ಪಟ್ಟಣದಲ್ಲಿ ಆ ನೆನಪಿನ ಬದಲಿಗೆ ಒಂದು ಹಾಳೆ ಬೇಕು, ಅಷ್ಟೇ.

ಎಲ್ಲರೂ ಗುದ್ದಲಿ ಹಿಡಿಯಲಾರರು ಎಂಬುದನ್ನೂ ಮರೆಯಬಾರದು. ಮಂಡಿನೋವಿನ ಹಿರಿಯರು ನೆರಳಿನಲ್ಲಿ ಕುಳಿತು ಬೀಜ ಬಿಡಿಸಿ ಒಣಗಿಸಬಲ್ಲರು. ಹಾಜರಿ ಪುಸ್ತಕ ಬರೆಯಬಲ್ಲರು. ದಿನವಿಡೀ ಕಚೇರಿಯಲ್ಲಿರುವವರು ಲೆಕ್ಕಪತ್ರ ನೋಡಬಲ್ಲರು. ಚಿಕ್ಕ ಮಕ್ಕಳ ತಾಯಂದಿರು ಮಕ್ಕಳೊಂದಿಗೆ ಬಂದು ಸಸಿ ಮಡಿ ನೋಡಿಕೊಳ್ಳಬಲ್ಲರು. ತೋಟದ ಕೆಲಸಗಳನ್ನು ಒಂದು ಹಾಳೆಯಲ್ಲಿ ಪಟ್ಟಿಮಾಡಿ, ಯಾವುದು ಭಾರ, ಯಾವುದು ಹಗುರ ಎಂದು ಗುರುತಿಸಿ, ಗಂಟೆಯ ಲೆಕ್ಕದಲ್ಲಿ ಎಲ್ಲವನ್ನೂ ಸಮಾನವಾಗಿ ಎಣಿಸಿ. ಬೇಸಿಗೆಯ ಸರದಿಯನ್ನು ಮಾತ್ರ ಫೆಬ್ರವರಿಯಲ್ಲಿಯೇ ಗೊತ್ತುಮಾಡಿ. ಯಾರು ಯಾವ ವಾರ ಊರಿನಲ್ಲಿರುವುದಿಲ್ಲವೆಂದು ಮೊದಲೇ ಹೇಳಲಿ. ಆ ತಿಂಗಳುಗಳಲ್ಲಿ ಬಿತ್ತನೆಯನ್ನೂ ಕಡಿಮೆ ಮಾಡಿ, ಬರಿದಾದ ಪಾತಿಗಳಿಗೆ ಒಣ ಎಲೆಯ ಹೊದಿಕೆ ಹಾಕಿಬಿಟ್ಟರೆ ಅರ್ಧ ಕಷ್ಟ ನೀಗುತ್ತದೆ.

ಸರದಿ ತಪ್ಪಿದಾಗ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನೂ ಸೇರಿದ್ದ ಒಂದು ಚಿಕ್ಕ ತೋಟದಲ್ಲಿ ಸರದಿಯ ಹಾಳೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗಿತ್ತು. ಒಬ್ಬ ತಾಯಿ ಸತತ ಮೂರು ಸರದಿ ಬರಲಿಲ್ಲ. ಬೇಸಿಗೆ, ಸಸಿಗಳು ಬಾಡಿದ್ದವು, ನನಗೆ ಸಿಟ್ಟು ಬಂದಿತ್ತು. ಬಾರದವರ ಹೆಸರುಗಳನ್ನು ಎಲ್ಲರೂ ಓದುವ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಅವರಿಂದ ಉತ್ತರ ಬರಲಿಲ್ಲ. ಅವರ ಅತ್ತೆ ಆಸ್ಪತ್ರೆಯಲ್ಲಿದ್ದರು, ರಾತ್ರಿ-ಹಗಲು ಇವರೇ ಜೊತೆಗಿದ್ದರು ಎಂಬುದು ತಿಳಿದದ್ದು ಹದಿನೈದು ದಿನಗಳ ಮೇಲೆ. ಕ್ಷಮೆ ಕೇಳಲು ಮನೆಗೆ ಹೋದೆ. ಕುಳ್ಳಿರಿಸಿ ಕಾಫಿ ಕೊಟ್ಟರು, ಒಳ್ಳೆಯ ಮಾತನಾಡಿದರು; ತೋಟಕ್ಕೆ ಮಾತ್ರ ಮತ್ತೆ ಬರಲಿಲ್ಲ. ಹೀರೆ, ಕುಂಬಳದ ಬೀಜವನ್ನು ಕಟ್ಟಿಟ್ಟು ಮರುವರ್ಷಕ್ಕೆ ಉಳಿಸುತ್ತಿದ್ದವರು ಅವರೊಬ್ಬರೇ. ಮರುವರ್ಷ ನಾವು ಬೀಜವನ್ನು ಅಂಗಡಿಯಿಂದ ತಂದೆವು.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇದು. ಒಂದು ಸರದಿ ತಪ್ಪಿದರೆ ಜೊತೆಗಾರರು ಫೋನ್ ಮಾಡಿ ಕ್ಷೇಮ ವಿಚಾರಿಸಬೇಕು, ಲೆಕ್ಕ ಕೇಳಬಾರದು. ಎರಡನೆಯದು ತಪ್ಪಿದರೆ ಸಂಚಾಲಕರು ಮನೆಗೆ ಹೋಗಿ ಮಾತನಾಡಬೇಕು, ಸಹಾಯ ಬೇಕೇ ಎಂದು ಕೇಳಬೇಕು. ಮೂರನೆಯದು ತಪ್ಪಿ, ಕಾರಣವೂ ತಿಳಿಯದಿದ್ದರೆ ಒಂದು ಚೀಟಿ: ‘ಇನ್ನು ಒಂದು ತಿಂಗಳೊಳಗೆ ನಿಮ್ಮ ಪಾತಿಯನ್ನು ಮುಂದುವರಿಸುವ ಅಥವಾ ಬಿಟ್ಟುಕೊಡುವ ವಿಷಯ ತಿಳಿಸಿ.’ ಅದಕ್ಕೂ ಉತ್ತರ ಬಾರದಿದ್ದರೆ ಪಾತಿ ಮುಂದಿನವರಿಗೆ. ಕಾಯಿಲೆ, ಹೆರಿಗೆ, ಸಾವು-ನೋವು, ಮಕ್ಕಳ ಪರೀಕ್ಷೆ ಇವುಗಳಿಗೆ ವಿರಾಮ ಕೇಳುವ ಅವಕಾಶ ಎಲ್ಲರಿಗೂ ಇರಬೇಕು. ಆ ಅವಧಿಯಲ್ಲಿ ಅವರ ಪಾತಿಗೆ ಉಳಿದವರು ನೀರೆರೆಯಬೇಕು. ಯಾವ ಹಂತದಲ್ಲಿಯೂ ಹೆಸರನ್ನು ಸಭೆಯಲ್ಲಿ ಓದಬಾರದು.

ಇಂಗ್ಲೆಂಡಿನ 1908ರ ಕಾಯಿದೆಯಲ್ಲಿಯೂ ಇಂತಹದೇ ತಾಳ್ಮೆ ಕಾಣುತ್ತದೆ. ಹೊಸದಾಗಿ ತುಂಡು ಪಡೆದವರು ನಿಯಮ ಪಾಲಿಸದಿದ್ದರೂ ಮೊದಲ ಮೂರು ತಿಂಗಳು ಅವರನ್ನು ತೆಗೆಯುವಂತಿಲ್ಲ. ಆಮೇಲೂ ಒಂದು ತಿಂಗಳ ಸೂಚನೆ ಕೊಡಬೇಕು.

ಹಂತಹಂತವಾದ ಈ ಕ್ರಮಕ್ಕೆ ವಿದ್ವಾಂಸರ ಸಮರ್ಥನೆಯೂ ಇದೆ. ಎಲಿನಾರ್ ಆಸ್ಟ್ರಂ ಅವರು ಜನರೇ ಕೂಡಿ ನಡೆಸುವ ಕಾಡು, ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿಗಳನ್ನು ಹಲವು ದೇಶಗಳಲ್ಲಿ ಪರಿಶೀಲಿಸಿ 1990ರಲ್ಲಿ ಒಂದು ಗ್ರಂಥ ಬರೆದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಆ ವಿಭಾಗದಲ್ಲಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರು ಕಂಡ ಲಕ್ಷಣಗಳಲ್ಲಿ ಕೆಲವು ಇವು: ಯಾರು ಒಳಗಿನವರೆಂಬುದು ಸ್ಪಷ್ಟವಾಗಿರುತ್ತದೆ, ನಿಯಮ ಪಾಲಿಸಬೇಕಾದವರೇ ನಿಯಮ ಮಾಡುವುದರಲ್ಲಿ ಪಾಲ್ಗೊಂಡಿರುತ್ತಾರೆ, ನೋಡಿಕೊಳ್ಳುವವರು ಆ ಜನರಿಗೇ ಉತ್ತರ ಹೇಳಬೇಕಾದವರಾಗಿರುತ್ತಾರೆ, ತಪ್ಪಿಗೆ ಮೊದಲು ಚಿಕ್ಕ ದಂಡ, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು, ಜಗಳ ಬಂದರೆ ಹತ್ತಿರದಲ್ಲಿಯೇ, ಖರ್ಚಿಲ್ಲದೆ ತೀರ್ಮಾನವಾಗುತ್ತದೆ.

ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಸರದಿಯಂತೆ ಬಿಡುತ್ತಿದ್ದವರು ಅವರು. ಅವರು ಊರಿನವರೇ ಆಗಿದ್ದರು. ಸುಗ್ಗಿಯಲ್ಲಿ ಊರಿನವರೇ ಅವರಿಗೆ ಕಾಳು ಅಳೆದುಕೊಡುತ್ತಿದ್ದರು. ತಪ್ಪಿದರೆ ಊರಿಗೇ ಉತ್ತರ ಹೇಳಬೇಕಿತ್ತು.

ದಣಿದವರ ಕಡೆಗೂ ಗಮನವಿರಲಿ

ಬಾರದವರ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ದಿನವೂ ಬರುವವರ ಬಗ್ಗೆ ಯೋಚಿಸುವುದಿಲ್ಲ. ಪ್ರತಿ ತೋಟದಲ್ಲಿಯೂ ಒಬ್ಬಿಬ್ಬರು ಎಲ್ಲವನ್ನೂ ತಾವೇ ಮಾಡುತ್ತಾರೆ. ಬೀಗದ ಕೈ ಅವರ ಬಳಿ, ಪಂಪಿನ ಗುಟ್ಟು ಅವರಿಗೆ, ಅಂಗಡಿಯವರ ಪರಿಚಯ ಅವರಿಗೆ. ಅವರನ್ನು ಹೊಗಳುತ್ತೇವೆ, ಇನ್ನಷ್ಟು ಕೆಲಸ ಹೊರಿಸುತ್ತೇವೆ. ಒಂದು ದಿನ ಅವರು ಬೇಸತ್ತು ಬಿಟ್ಟಾಗ ತೋಟವೇ ಮುಚ್ಚುತ್ತದೆ.

ಅತಿಯಾಗಿ ಹೊರುವುದೂ ಒಂದು ದೋಷವೇ. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ನಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾರಯ್ಯನವರದು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನವರು ಹೇಳಿದರು. ಸಂಗ್ರಹಕ್ಕೆ ಹೇಳಿದ ಆ ಮಾತು ಸೇವೆಗೂ ಸಲ್ಲುತ್ತದೆಂದು ನಾನು ತಿಳಿದಿದ್ದೇನೆ. ನಮ್ಮ ಪಾಲಿಗಿಂತ ಹೆಚ್ಚು ಹೊತ್ತಾಗ ಇನ್ನೊಬ್ಬರ ಪಾಲನ್ನು ಕಸಿದುಕೊಂಡಂತಾಗುತ್ತದೆ. ಅವರಿಗೆ ತೋಟ ತಮ್ಮದೆನ್ನಿಸುವುದಿಲ್ಲ.

ಆದ್ದರಿಂದ ಸಂಚಾಲಕರ ಅವಧಿ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷವಿರಲಿ. ಪ್ರತಿ ಹೊಣೆಗೂ ಕಲಿಯುವ ಒಬ್ಬ ಸಹಾಯಕರಿರಲಿ. ಬೀಗದ ಕೈ ಮೂವರ ಬಳಿ ಇರಲಿ. ಸಂಚಾಲಕರಿಗೂ ವರ್ಷದಲ್ಲಿ ಒಂದು ತಿಂಗಳು ಪೂರ್ಣ ಬಿಡುವು ಇರಲಿ. ಆ ತಿಂಗಳು ತೋಟ ನಡೆದರೆ ವ್ಯವಸ್ಥೆ ಗಟ್ಟಿಯಾಗಿದೆ ಎಂದರ್ಥ.

ಬಿಟ್ಟುಹೋಗುವವರಿಗೆ ಒಂದು ಬಾಗಿಲು

ವರ್ಗಾವಣೆಯಾಗುತ್ತದೆ, ವಯಸ್ಸಾಗುತ್ತದೆ, ಆಸಕ್ತಿಯೂ ಕಳೆಯಬಹುದು. ಬಿಡುವುದು ಅಪರಾಧವಲ್ಲ. ಬಿಡಲು ನಾಚಿಕೆಪಟ್ಟು ಹೆಸರು ಮಾತ್ರ ಉಳಿಸಿಕೊಂಡವರಿಂದಲೇ ತೋಟಕ್ಕೆ ತೊಂದರೆ. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಎಲ್ಲ ಸದಸ್ಯತ್ವವೂ ತಾನಾಗಿ ಮುಗಿಯಲಿ. ಬೇಕಾದವರು ಹೊಸದಾಗಿ ಒಪ್ಪಿಗೆ ಕೊಡಲಿ. ಆಗ ಯಾರನ್ನೂ ಹೊರಹಾಕುವ ಪ್ರಸಂಗ ಬಾರದು. ಬಿಡುವವರ ಬೀಜ, ಸಲಕರಣೆ, ತಿಳಿವಳಿಕೆಯನ್ನು ಪಡೆದುಕೊಂಡು, ಒಂದು ಹೊರೆ ಸೊಪ್ಪು ಕೊಟ್ಟು ಗೌರವದಿಂದ ಬೀಳ್ಕೊಡಿ. ಅವರೇ ನಾಲ್ಕು ಜನ ಹೊಸಬರನ್ನು ಕಳುಹಿಸುತ್ತಾರೆ. ಸೇರಲು ಕಾಯುವವರ ಒಂದು ಪಟ್ಟಿಯೂ ಇರಲಿ. ಅವರನ್ನು ಸಾಮೂಹಿಕ ಕೆಲಸದ ಭಾನುವಾರಗಳಿಗೆ ಕರೆಯಿರಿ. ಪಾತಿ ಖಾಲಿಯಾದ ದಿನ ಅದಕ್ಕೆ ಹೊಸ ಕೈ ಸಿದ್ಧವಾಗಿರುತ್ತದೆ.

ಒಂದು ಮಾತನ್ನು ಮುಖ್ಯವಾಗಿ ಸೇರಿಸಬೇಕು. ನೆಲ ಯಾರದು, ಎಷ್ಟು ವರ್ಷಕ್ಕೆ ಎಂಬುದು ಕಾಗದದ ಮೇಲೆ ಇರಲೇಬೇಕು. ನ್ಯೂಯಾರ್ಕ್ ನಗರದಲ್ಲಿ 1970ರ ದಶಕದಿಂದ ಜನ ಕಸದ ಗುಡ್ಡೆಗಳನ್ನು ತೆಗೆದು ಬೆಳೆಸಿದ ತೋಟಗಳಲ್ಲಿ ನೂರಕ್ಕೂ ಹೆಚ್ಚು ತೋಟಗಳ ನೆಲವನ್ನು 1999ರಲ್ಲಿ ನಗರಾಡಳಿತ ಹರಾಜಿಗೆ ಇಟ್ಟಿತು. ಕೊನೆ ಗಳಿಗೆಯಲ್ಲಿ ಎರಡು ಧರ್ಮದರ್ಶಿ ಸಂಸ್ಥೆಗಳು ಆ ನೆಲವನ್ನು ಕೊಂಡದ್ದರಿಂದ ಅವು ಉಳಿದವು. ನಾಳೆ ಕೈತಪ್ಪಬಹುದಾದ ನೆಲದಲ್ಲಿ ಯಾರೂ ನುಗ್ಗೆ ನೆಡುವುದಿಲ್ಲ. ಖಾಲಿ ನಿವೇಶನದಲ್ಲಿ ತೋಟ ಮಾಡುವವರು ಒಡೆಯರಿಂದ ಕನಿಷ್ಠ ಮೂರು ವರ್ಷಗಳ ಲಿಖಿತ ಒಪ್ಪಿಗೆ ಪಡೆಯಬೇಕು.

ಒಂದು ಪುಟದ ಒಪ್ಪಿಗೆ ಪತ್ರ

ಮೇಲೆ ಹೇಳಿದ್ದನ್ನೆಲ್ಲ ಒಂದೇ ಪುಟದಲ್ಲಿ ಬರೆಯಬಹುದು. ಮಾದರಿಯೊಂದನ್ನು ಕೊಡುತ್ತಿದ್ದೇನೆ, ನಿಮ್ಮ ತೋಟಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ. ಆದರೆ ಸದಸ್ಯರೆಲ್ಲರೂ ಕೂಡಿ ಓದಿ, ಚರ್ಚಿಸಿ ಒಪ್ಪಿದ ಮೇಲೆಯೇ ಸಹಿ ಹಾಕಿಸಿ.

1. ನಾನು ಹದಿನಾಲ್ಕು ದಿನಕ್ಕೊಮ್ಮೆ ನೀರಿನ ಸರದಿಗೂ ತಿಂಗಳಿಗೊಮ್ಮೆ ಸಾಮೂಹಿಕ ಕೆಲಸಕ್ಕೂ ಬರುತ್ತೇನೆ.
2. ಬರಲಾಗದಿದ್ದರೆ ಬದಲಿಯವರನ್ನು ನಾನೇ ಕೇಳಿಕೊಳ್ಳುತ್ತೇನೆ. ಅವರ ಸರದಿಯನ್ನು ತೀರಿಸುತ್ತೇನೆ.
3. ನನ್ನ ಪಾತಿಯ ಕಳೆ ಪಕ್ಕದ ಪಾತಿಗೆ ಬೀಜ ಉದುರಿಸುವ ಮುನ್ನ ಕೀಳುತ್ತೇನೆ.
4. ಕಷ್ಟ ಬಂದಾಗ ಮುಚ್ಚಿಡದೆ ವಿರಾಮ ಕೇಳುತ್ತೇನೆ. ಇತರರು ಕೇಳಿದಾಗ ಕಾರಣ ಕೆದಕದೆ ಒಪ್ಪುತ್ತೇನೆ.
5. ಮೂರು ಬಾರಿ ತಿಳಿಸದೆ ತಪ್ಪಿದರೆ, ಒಂದು ತಿಂಗಳ ಸೂಚನೆಯ ನಂತರ ಪಾತಿಯನ್ನು ಮುಂದಿನವರಿಗೆ ಬಿಟ್ಟುಕೊಡಲು ಒಪ್ಪಿದ್ದೇನೆ.
6. ಬೆಳೆದದ್ದರಲ್ಲಿ ಒಂದು ಪಾಲನ್ನು ಎಲ್ಲರೂ ಕೂಡಿ ಗೊತ್ತುಮಾಡಿದ ಸ್ಥಳಕ್ಕೆ ಕೊಡುತ್ತೇನೆ.
7. ಯುಗಾದಿಗೆ ಈ ಒಪ್ಪಿಗೆ ಮುಗಿಯುತ್ತದೆ. ಮುಂದುವರಿಯುವುದೂ ಬಿಡುವುದೂ ನನ್ನ ಇಚ್ಛೆ.

ಇಷ್ಟನ್ನು ಬರೆದು ಬಾಗಿಲಿನ ಹಲಗೆಗೆ ಅಂಟಿಸಿ, ಪಕ್ಕದಲ್ಲಿ ಈ ವಾರದ ಸರದಿಯ ಹಾಳೆಯನ್ನೂ ತೂಗುಹಾಕಿ. ಮುಂಗಾರಿಗೆ ಇನ್ನೂ ಸಮಯವಿರುವಾಗಲೇ ಸಭೆ ಕರೆಯಿರಿ. ಮೊದಲ ದಿನ ಐವತ್ತು ಜನ ಬಾರದಿದ್ದರೂ ಚಿಂತೆಯಿಲ್ಲ. ಹನ್ನೆರಡು ಜನ ಸಹಿ ಹಾಕಿದರೆ ಹನ್ನೆರಡು ಪಾತಿಗಳಷ್ಟೇ ಮಾಡಿ. ಉಳಿದ ನೆಲ ಕಾಯುತ್ತದೆ. ಆ ಹನ್ನೆರಡು ಪಾತಿಗಳು ಎರಡನೆಯ ಬೇಸಿಗೆಯಲ್ಲಿಯೂ ಹಸಿರಾಗಿದ್ದರೆ ದಾರಿಯಲ್ಲಿ ಹೋಗುವವರು ತಾವಾಗಿಯೇ ಬೇಲಿಯ ಬಳಿ ನಿಂತು, ‘ನಾವೂ ಸೇರಬಹುದೇ?’ ಎಂದು ಕೇಳುತ್ತಾರೆ. ಅವರಿಗೆ ಮೊದಲು ಆ ಪುಟವನ್ನು ಓದಲು ಕೊಡಿ, ಆಮೇಲೆ ಗುದ್ದಲಿ.